ಕಬ್ಬಿನ ಸೀಸನ್: ಹೊಸದಾಗಿ ಬೈಕ್ ಹಿಡಿದ ಮಕ್ಕಳಿಗೆ ಇದನ್ನ ಹೇಳಿಕೊಡಿ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಟ ಜಾಸ್ತಿಯಾಗಿದೆ. ಮೊನ್ನೆ ರಾತ್ರಿ ಮಗನ ಬೈಕಿನಲ್ಲಿ ಹಿಂದೆ ಕೂತು ಬರ್ತಿದ್ದೆ. ಅವನಿಗೆ ಈಗಷ್ಟೇ ಲೈಸೆನ್ಸ್ ಸಿಕ್ಕಿದೆ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೀತು. ಅದು ದಾಟಿದ ಮೇಲೆ ನೋಡಿದರೆ, ಹತ್ತೇ ಮಾರು ಮುಂದೆ ಪಂಕ್ಚರ್ ಆದ ಟ್ರೇಲರ್ ನಿಂತಿದೆ! ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಮೇಲೆ ಕಬ್ಬಿನ ಸೋಗೆ ಜೋತುಬಿದ್ದಿತ್ತು. ನಿಧಾನ ಇದ್ದಿದ್ದಕ್ಕೆ ಉಳಿದೆವು.

ಹೈಬೀಮ್ ಕಂಡ ಕೂಡಲೇ ವೇಗ ಇಳಿಸಬೇಕು. ಆ ಬೆಳಕನ್ನ ನೋಡಬಾರದು, ರಸ್ತೆಯ ಎಡ ಅಂಚು ನೋಡಬೇಕು. ನಮ್ಮ ದೀಪ ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು, ಅಷ್ಟೇ ವೇಗ ಸಾಕು.

ಹಿಂದೆ ಕೂತವರಿಗೂ ಕೆಲಸ ಇದೆ. ಗೆಳೆಯನಿಗೆ ‘ಭಯ ಆಗ್ತಿದೆ, ನಿಧಾನ ಹೋಗು’ ಅನ್ನೋಕೆ ಈ ವಯಸ್ಸಿನವರಿಗೆ ನಾಚಿಕೆ, ಅಲ್ವಾ? ನಮ್ಮನೆಯಲ್ಲಿ ಹೆಗಲು ಎರಡು ಸಲ ತಟ್ಟಿದರೆ ‘ನಿಧಾನ’ ಅಂತ ಮಾತಾಗಿದೆ. ಹೆಲ್ಮೆಟ್ ಇಬ್ಬರಿಗೂ ಬೇಕು, ಪಟ್ಟಿ ಹಾಕಿರಬೇಕು.

18 ತುಂಬದವರಿಗೆ ಗೇರ್ ಬೈಕ್ ಕೊಡಲೇಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ, ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು.

ಗುಂಪಿನಲ್ಲಿರುವ ಟ್ರ್ಯಾಕ್ಟರ್ ಅಣ್ಣಂದಿರೇ, ಲೋಡ್ ಆದ ಮೇಲೆ ಆ ಸೋಗೆ ಕೊಯ್ದು ರಿಫ್ಲೆಕ್ಟರ್ ಒಮ್ಮೆ ಒರೆಸಿಬಿಡಿ.