ಗಂಟಿನ ಒಳಗಿನ ಕೆಂಪು

ಸೋಯಾ ಗಿಡವನ್ನು ಕೈಯಿಂದ ಜಗ್ಗಿ ಕಿತ್ತರೆ ಬೇರಿನ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಇಷ್ಟನ್ನು ತಿಳಿಯಲು ನನಗೆ ಒಂದು ಹಂಗಾಮು ಹಿಡಿಯಿತು. ಮೊದಲ ವರ್ಷ ನಾನು ಹತ್ತಾರು ಗಿಡ ಕಿತ್ತು ನೋಡಿ, ಗಂಟು ಕಟ್ಟಲೆಂದು ಬೀಜಕ್ಕೆ ಸವರುವ ಪೊಟ್ಟಣದ ಅಣುಜೀವಿ ಗೊಬ್ಬರ ಎನ್ನುವುದೇ ಮೋಸ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ನೆನೆಸಿ ನೋಡಿದೆ. ಆಗಲೂ ಗಂಟು ಹೆಚ್ಚೇನೂ ಇರಲಿಲ್ಲ, ಅದು ಬೇರೆ ಮಾತು. ಆದರೆ ಆ ತಪ್ಪು ಪೊಟ್ಟಣದ್ದಾಗಿರಲಿಲ್ಲ, ನನ್ನದಾಗಿತ್ತು.

ನಮ್ಮದು ಬೈಲಹೊಂಗಲ ತಾಲ್ಲೂಕಿನ ಎರೆ ಭೂಮಿ. ಹತ್ತಿ, ಜೋಳ, ಕಡಲೆ ಬೆಳೆಯುತ್ತಿದ್ದ ಹೊಲದಲ್ಲಿ ಮೊದಲ ಸಲ ಸೋಯಾ ಹಾಕಿದ್ದೆವು. ಬೀಜಕ್ಕೆ ಶಿಲೀಂಧ್ರನಾಶಕದ ಪುಡಿ ಮತ್ತು ರೈಜೋಬಿಯಂ, ಅಂದರೆ ಪೊಟ್ಟಣದ ಆ ಅಣುಜೀವಿ ಗೊಬ್ಬರ, ಎರಡನ್ನೂ ಒಂದೇ ಬುಟ್ಟಿಯಲ್ಲಿ ಸುರಿದು ಕಲಸಿದ್ದೆ. ಒಂದು ಕೊಲ್ಲುವ ಔಷಧ, ಇನ್ನೊಂದು ಜೀವ ಇರುವ ವಸ್ತು ಎಂಬುದು ಅವಸರದಲ್ಲಿ ಹೊಳೆಯಲೇ ಇಲ್ಲ. ಸಾಲದ್ದಕ್ಕೆ ಆ ಪೊಟ್ಟಣಗಳು ಮೇ ತಿಂಗಳಿಡೀ ಪತ್ರಾಸಿನ ಶೆಡ್ಡಿನಲ್ಲಿ ಬಿದ್ದಿದ್ದವು. ಅಲ್ಲಿ ಮಧ್ಯಾಹ್ನ ಮನುಷ್ಯರೇ ಕೂರಲಾಗುವುದಿಲ್ಲ.

ಎರಡನೆಯ ವರ್ಷ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಹೊಸ ಪೊಟ್ಟಣ ತಂದು, ಅವ್ವನ ಬೈಗುಳ ತಿಂದರೂ ನೀರಿನ ಮಣ್ಣಿನ ಗಡಿಗೆಗಳ ಪಕ್ಕದ ತಂಪಿನಲ್ಲಿಟ್ಟೆ. ಬಿತ್ತನೆಯ ಹಿಂದಿನ ದಿನವೇ ಶಿಲೀಂಧ್ರನಾಶಕದ ಉಪಚಾರ ಮುಗಿಸಿದೆ. ಬಿತ್ತುವ ದಿನ ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿದ ಮೇಲೆ ಅದರಲ್ಲಿ ಪುಡಿ ಕಲಸಿ ಬೀಜಕ್ಕೆ ಸವರಿದೆ. ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಕಡಲೆಯನ್ನು ಉಜ್ಜಿದ ಹಾಗೆ ಉಜ್ಜಿದರೆ ಸಿಪ್ಪೆ ಸುಲಿದು ಮೊಳಕೆಯೇ ಕೆಡುತ್ತದೆ, ನೀರು ಹೆಚ್ಚಾದರೆ ಬೀಜ ಉಬ್ಬಿ ಕೂರಿಗೆಯಲ್ಲಿ ಇಳಿಯುವುದಿಲ್ಲ. ತಾಡಪತ್ರಿಯ ಮೇಲೆ ಹರಡಿ, ಅಂಗೈಯಿಂದ ಹಪ್ಪಳದ ಹಿಟ್ಟಿಗೆ ಎಣ್ಣೆ ಸವರುವಂತೆ ಮೆಲ್ಲಗೆ ಹೊರಳಿಸಿ, ಬೇವಿನ ಮರದ ನೆರಳಿನಲ್ಲಿ ಅರ್ಧ ಗಂಟೆ ಆರಿಸಿ, ಅಂದೇ ಬಿತ್ತಿದೆವು. ಬದುವಿನ ಪಕ್ಕದ ಎರಡು ಸಾಲಿಗೆ ಮಾತ್ರ ಸಾದಾ ಬೀಜ ಹಾಕಿ ಗೂಟ ನೆಟ್ಟೆ.

ಇಷ್ಟೆಲ್ಲ ಯಾಕೆ ಬೇಕು ಎನ್ನುವುದಕ್ಕೆ ಬೇರಿನ ಮಾತು ತಿಳಿಯಬೇಕು. ಸೋಯಾದ ಬೇರು ಡೈಡ್ಜೀನ್, ಜೆನಿಸ್ಟೀನ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಒಸರುತ್ತದೆ. ಅದು ಒಂದು ರೀತಿಯ ಕೂಗು. ಸೋಯಾ ಪೊಟ್ಟಣದಲ್ಲಿರುವ ಬ್ರ್ಯಾಡಿರೈಜೋಬಿಯಂ ಜಪಾನಿಕಂ ಎಂಬ ಬ್ಯಾಕ್ಟೀರಿಯಾಕ್ಕೆ ಆ ಕೂಗು ತಿಳಿಯುತ್ತದೆ. ಉತ್ತರವಾಗಿ ಅದು ತನ್ನದೇ ಒಂದು ರಾಸಾಯನಿಕವನ್ನು ಮಾಡಿ ಬಿಡುತ್ತದೆ. ವಿಜ್ಞಾನಿಗಳು ಅದನ್ನು ನಾಡ್ ಫ್ಯಾಕ್ಟರ್ ಎನ್ನುತ್ತಾರೆ. ಅದು ತಗುಲಿದ ಬೇರುರೋಮ ಕುರಿ ಕಾಯುವವನ ಕೋಲಿನ ತುದಿಯಂತೆ ಬಾಗಿ, ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಗಂಟು ಬೆಳೆಯುತ್ತದೆ. ಅಲ್ಲಿ ಕೂತು ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತದೆ. ಗಂಟಿನಲ್ಲಿರುವುದು ಬ್ಯಾಕ್ಟೀರಿಯಾ ಎಂಬುದನ್ನು ಹಾಲೆಂಡಿನ ಬೇಯರಿಂಕ್ 1888ರಲ್ಲೇ ಬೇರ್ಪಡಿಸಿ ತೋರಿಸಿದ್ದ. ಆದರೆ ಬೇರಿನ ಕಡೆಯಿಂದ ಹೋಗುವ ಕೂಗು ಯಾವ ರಾಸಾಯನಿಕದ್ದು ಎಂಬುದು ಕುದುರೆ ಮಸಾಲೆ ಸೊಪ್ಪಿನ ಗಿಡದಲ್ಲಿ ಗೊತ್ತಾಗಲು 1986 ಬರಬೇಕಾಯಿತು.

ಕೂಗಿದ್ದು ಎಲ್ಲರಿಗೂ ಕೇಳಿಸುವುದಿಲ್ಲ, ನನ್ನ ಹೊಲದ ಕಥೆ ಇರುವುದು ಅಲ್ಲೇ. ಸೋಯಾ ಚೀನಾ ಕಡೆಯ ಬೆಳೆ. ಅದರ ಭಾಷೆ ಬಲ್ಲ ಬ್ಯಾಕ್ಟೀರಿಯಾ ನಮ್ಮ ಜೋಳದ ಹೊಲದಲ್ಲಿ ಎಲ್ಲಿಂದ ಬರಬೇಕು? ಕೂಗಿ ಕೂಗಿ ಬೇರಿನ ಗಂಟಲು ಬತ್ತಿದರೂ ಓಗೊಡುವವರಿರುವುದಿಲ್ಲ. ಹಾಗಾಗಿ ಬೀಜದ ಮೈಗೇ ಅಂಟಿಸಿ ಕಳಿಸಬೇಕು.

ಇಪ್ಪತ್ತೆರಡನೆಯ ದಿನಕ್ಕೆ ಪರೀಕ್ಷೆ ಎದುರಾಯಿತು. ಹೊಲವೆಲ್ಲ ಹಳದಿ ಬಣ್ಣಕ್ಕೆ ತಿರುಗಿತು. ಅಪ್ಪ ಎರಡು ಚೀಲ ಯೂರಿಯಾ ಇಳಿಸಿದರು. ಬೀಜದೊಳಗಿನ ಬುತ್ತಿ ಮುಗಿದಿದೆ, ಗಂಟು ಇನ್ನೂ ದುಡಿಮೆಗೆ ಇಳಿದಿಲ್ಲ, ನಡುವೆ ಹತ್ತು ದಿನ ಹಸಿವು ಇರುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. “ಹಸಿದವನ ಎದುರು ಶಾಸ್ತ್ರ ಹೇಳುತ್ತೀಯಾ?” ಎಂದರು. ಕೊನೆಗೆ ಬಾವಿಯ ಕಡೆಯ ಅರ್ಧ ಎಕರೆಗೆ ಮಾತ್ರ ಅವರು ಯೂರಿಯಾ ಉಗ್ಗಿದರು. ಉಳಿದದ್ದನ್ನು ಎಡೆ ಹೊಡೆದು ಹಾಗೇ ಬಿಟ್ಟೆವು. ಆ ಹತ್ತು ದಿನ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ನಲವತ್ತನೆಯ ದಿನ ಸಲಿಕೆ ಹಿಡಿದು ಕೂತೆ. ಪೊಟ್ಟಣ ಹಾಕಿದ ಸಾಲಿನ ಗಿಡದಲ್ಲಿ ತಾಯಿಬೇರಿನ ಕೊರಳಿಗೇ ಮಣಿಸರ ಕಟ್ಟಿದ ಹಾಗೆ ಗಂಟುಗಳು ಒತ್ತಾಗಿ ಕೂತಿದ್ದವು. ಒಂದರಲ್ಲಿ ಎಣಿಸಿದೆ, ಮೂವತ್ತೊಂದು. ಗೂಟದ ಸಾಲಿನಲ್ಲಿ ಮೂರೋ ನಾಲ್ಕೋ, ಅದೂ ಪಕ್ಕದ ಬೇರಿನ ತುದಿಯಲ್ಲಿ, ತಡವಾಗಿ ಬಂದ ನೆಂಟರಂತೆ. ಗಂಟು ಎಷ್ಟಿದೆ ಎನ್ನುವಷ್ಟೇ ಎಲ್ಲಿದೆ ಎನ್ನುವುದನ್ನೂ ನೋಡಬೇಕು. ಕೊರಳಲ್ಲಿದ್ದರೆ ಬೀಜದ ಜೊತೆ ಹೋದದ್ದು, ದೂರದ ಕವಲಿನಲ್ಲಿದ್ದರೆ ಸಾಮಾನ್ಯವಾಗಿ ಮಣ್ಣಿನಿಂದ ಆಮೇಲೆ ಬಂದದ್ದು.

ಉಗುರಿನಿಂದ ಒಂದನ್ನು ಸೀಳಿದೆ. ಒಳಗೆ ಹಸಿ ಮಾಂಸದ ಕೆಂಪು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ದಾಯಾದಿ ಅದು, ಲೆಗ್‌ಹಿಮೋಗ್ಲೋಬಿನ್. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಡುತ್ತದೆ, ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಕೆಂಪು ವಸ್ತು ಎರಡಕ್ಕೂ ನಡುವೆ ನಿಂತು ಅಳೆದು ಅಳೆದು ಬಡಿಸುತ್ತದೆ. ಒಳಗೆ ಬೆಳ್ಳಗಿದ್ದರೆ ಗಂಟು ಕೆಲಸ ಮಾಡುತ್ತಿಲ್ಲ, ಹಸಿರಾಗಿದ್ದರೆ ಅದರ ಕಾಲ ಮುಗಿದಿದೆ.

ಬಾವಿ ಕಡೆಯ ಅರ್ಧ ಎಕರೆಯ ಗಿಡಗಳು ಕಡು ಹಸಿರಾಗಿ, ನೋಡಲು ಎಲ್ಲಕ್ಕಿಂತ ಚೆನ್ನಾಗಿದ್ದವು. ಅಗೆದರೆ ಗಂಟು ಕಡಿಮೆ, ಇದ್ದವೂ ಸಣ್ಣವು. ಮಣ್ಣಿನಲ್ಲಿ ನೈಟ್ರೇಟ್, ಅಂದರೆ ಯೂರಿಯಾ ಮಣ್ಣಿನಲ್ಲಿ ಬದಲಾಗಿ ಸಿಗುವ ಸಾರಜನಕ, ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನು ತಾನೇ ತಡೆಯುತ್ತದೆ. ಅದರಲ್ಲಿ ಸೋಮಾರಿತನವಿಲ್ಲ, ಲೆಕ್ಕಾಚಾರವಿದೆ. ಗಂಟು ಸಾಕುವುದಕ್ಕೆ ಗಿಡ ತಾನು ಮಾಡಿದ ಸಕ್ಕರೆಯನ್ನು ಕೊಡಬೇಕು. ಬಾಗಿಲಿಗೆ ಪುಕ್ಕಟೆ ಬರುವಾಗ ಯಾರು ಕೂಲಿ ಕೊಟ್ಟು ಆಳು ಇಟ್ಟುಕೊಳ್ಳುತ್ತಾರೆ? ರಾಶಿ ಮಾಡುವಾಗ ಆ ಅರ್ಧ ಎಕರೆಗೂ ಉಳಿದದ್ದಕ್ಕೂ ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಯೂರಿಯಾದ ದುಡ್ಡು ಮಾತ್ರ ವ್ಯತ್ಯಾಸ.

ಹಿಂಗಾರಿಗೆ ಅದೇ ಹೊಲಕ್ಕೆ ಕಡಲೆ. ಉಳಿದಿದ್ದ ಸೋಯಾ ಪೊಟ್ಟಣವನ್ನು ದಂಡ ಮಾಡಬಾರದೆಂದು ಕಡಲೆ ಬೀಜಕ್ಕೆ ಸವರಿ ಜಾಣನೆಂದುಕೊಂಡೆ. ಕಡಲೆಯ ಜೊತೆಗಾರ ಬೇರೆಯೇ, ಮೀಸೋರೈಜೋಬಿಯಂ. ಸೋಯಾದ ಬ್ಯಾಕ್ಟೀರಿಯಾ ಕಡಲೆಯ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಆದರೂ ಗಂಟುಗಳಿದ್ದವು! ತಲೆಮಾರುಗಳಿಂದ ಕಡಲೆ ಕಂಡ ಮಣ್ಣಿನಲ್ಲಿ ಅದರ ನೆಂಟರು ಮೊದಲೇ ಮನೆ ಮಾಡಿಕೊಂಡಿದ್ದರು. ನನ್ನ ಬೆಲ್ಲ ದಂಡವಾದದ್ದಷ್ಟೇ.

ಆ ಚಳಿಗಾಲದಲ್ಲಿ ಅವ್ವ ಯಾವತ್ತಿನಂತೆ ರಾತ್ರಿ ಕಡಲೆ ಹೊಲದ ಮೇಲೆ ಬಿಳಿ ಪಂಚೆ ಹಾಸಿ, ನಸುಕಿನಲ್ಲಿ ಮಂಜಿನೊಂದಿಗೆ ಇಳಿದ ಹುಳಿಯನ್ನು ಹಿಂಡಿ ಬಾಟಲಿಗೆ ತುಂಬಿದಳು. ಹೊಟ್ಟೆನೋವಿಗೆ ನಮ್ಮ ಮನೆಯ ಔಷಧ ಅದೇ. ಎಲೆಯ ಮೇಲಿನ ಆ ಹುಳಿಯಲ್ಲಿ ಮ್ಯಾಲಿಕ್ ಆಮ್ಲವಿದೆ. ನೆಲದ ಕೆಳಗೆ ಬೇರು ಕೂಡ ಇಂಥವೇ ಆಮ್ಲಗಳನ್ನು ಒಸರುತ್ತದೆ, ನಮ್ಮ ಎರೆ ಮಣ್ಣಿನಲ್ಲಿ ಸುಣ್ಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ ಎಂದು ಅವ್ವನಿಗೆ ಹೇಳಿದೆ. ಪಂಚೆ ಹಿಂಡುತ್ತಲೇ ಅವಳು, ಹಾಗಾದರೆ ರಂಜಕದ ಗೊಬ್ಬರ ಡಿಎಪಿಯನ್ನು ಯಾಕೆ ಅಷ್ಟು ಸುರಿಯುತ್ತೀರಿ ಎಂದಳು. ಆ ಪ್ರಶ್ನೆಗೆ ಒಂದು ಮೂಲೆ ಬಿಟ್ಟು ನೋಡಬೇಕಿದೆ.

ಈ ಮುಂಗಾರಿಗೆ ಮತ್ತೆ ಎರಡು ಸಾಲು ಸಾದಾ ಬೀಜ ಬಿತ್ತುತ್ತೇನೆ. ಹಿಂದಿನ ಸೋಯಾದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಉಳಿದಿದ್ದರೆ ಈ ಸಲ ಅಲ್ಲೂ ಗಂಟು ಹೆಚ್ಚಬೇಕು. ಅಪ್ಪ ಈ ಬಾರಿ ಬದುವಿನ ಕಡೆ ಬೇಡವೆಂದು, ಹೊಲದ ನಟ್ಟನಡುವೆ ತಾವೇ ಗೂಟ ಬಡಿದು ಬಂದಿದ್ದಾರೆ.