ಬ್ರೌಸರ್‌ನಲ್ಲಿ ಎಚ್‌ಡಿಆರ್ ವಿಡಿಯೊ ಕೊನೆಗೂ ಬಂತು

ಮಾನಿಟರ್ ಎಚ್‌ಡಿಆರ್‌ದು (ಅಂದ್ರೆ ತುಂಬಾ ಬೆಳಕಿನ, ತುಂಬಾ ಕತ್ತಲೆಯ ಭಾಗಗಳನ್ನೂ ವಿವರವಾಗಿ ತೋರಿಸುವಂಥದ್ದು), ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೊನೂ ಎಚ್‌ಡಿಆರ್‌ದೇ. ಆದರೂ ಕ್ರೋಮ್‌ನ ಕ್ವಾಲಿಟಿ ಮೆನುವಿನಲ್ಲಿ ಬರೀ 2160ಪಿ ಅಂತ ಇತ್ತು, ಪಕ್ಕದಲ್ಲಿ ಎಚ್‌ಡಿಆರ್ ಅನ್ನೋ ಗುರುತೇ ಇಲ್ಲ. ಅದೇ ವಿಡಿಯೊ ಫೋನಿನಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು.

ಬ್ರೌಸರ್‌ನಲ್ಲಿ ಇದಕ್ಕೆ ಅಂತ ಬೇರೆ ಸ್ವಿಚ್ ಹುಡುಕಬೇಡಿ. ವಿಂಡೋಸ್‌ನಲ್ಲಿ ಆನ್ ಆಗಿದ್ದರೆ ಮಾತ್ರ ಕ್ರೋಮ್‌ಗೂ ಸಿಗುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ 'ಯೂಸ್ ಎಚ್‌ಡಿಆರ್' ಇರುತ್ತದೆ, ಆದರೆ ನನ್ನಲ್ಲಿ ಅದನ್ನು ಒತ್ತೋಕೇ ಆಗುತ್ತಿರಲಿಲ್ಲ, ಯಾಕಂದ್ರೆ ಮಾನಿಟರ್‌ನ ಸ್ವಂತ ಮೆನುವಿನಲ್ಲಿ, ಅದೇ ಕೆಳಗಿನ ಬಟನ್ ಒತ್ತಿದರೆ ಬರುತ್ತಲ್ಲ, ಅಲ್ಲಿ ಎಚ್‌ಡಿಆರ್ ಆಫ್ ಆಗಿಯೇ ಬಂದಿತ್ತು. ಅದನ್ನು ಆನ್ ಮಾಡಿದ ಕೂಡಲೇ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು, ವಿಂಡೋಸ್‌ನ ಸ್ವಿಚ್ಚೂ ಕೆಲಸ ಮಾಡಿತು.

ಆಮೇಲೆ ಕ್ರೋಮ್ ಪೂರ್ತಿ ಮುಚ್ಚಿ ತೆರೆದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆನ್ ಇರಲಿ. ವಿಳಾಸದ ಜಾಗದಲ್ಲಿ chrome://flags ಅಂತ ಹೊಡೆದರೆ ಬರುವ ಫ್ಲ್ಯಾಗ್ಸ್ ಪುಟದ 'ಫೋರ್ಸ್ ಕಲರ್ ಪ್ರೊಫೈಲ್' ಡೀಫಾಲ್ಟ್‌ನಲ್ಲೇ ಇರಬೇಕು, ಅದು ಎಸ್‌ಆರ್‌ಜಿಬಿ (ಮಾಮೂಲಿ ಪರದೆಗಳ ಬಣ್ಣದ ಪ್ರೊಫೈಲ್) ಆಗಿದ್ದರೆ ಎಚ್‌ಡಿಆರ್ ಬರುವುದಿಲ್ಲ.

ಖಾತ್ರಿ ಮಾಡಿಕೊಳ್ಳೋಕೆ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಕಲರ್ ಸಾಲಿನಲ್ಲಿ ಬಿಟಿ 709 ಇದ್ದರೆ ಮಾಮೂಲಿ ವಿಡಿಯೊ, ಎಸ್‌ಎಂಪಿಟಿಇ 2084 ಕಂಡರೆ ಎಚ್‌ಡಿಆರ್ ಓಡುತ್ತಿದೆ ಅಂತ. ನನಗೆ ಅದು ಕಂಡಾಗ ನಿಜವಾಗಲೂ ಖುಷಿಯಾಯಿತು, ರಾತ್ರಿಯ ದೃಶ್ಯದಲ್ಲಿ ದೀಪಗಳ ಬಣ್ಣ ಬಿಳಿಚಿಕೊಳ್ಳದೆ ಹಾಗೇ ಉಳಿದಿತ್ತು.

ಎಚ್‌ಡಿಆರ್ ಆನ್ ಆದ ಮೇಲೆ ಉಳಿದ ವಿಂಡೋಗಳೆಲ್ಲ ಮಂಕಾಗಿ ಕಂಡರೆ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 'ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್' (ಎಸ್‌ಡಿಆರ್ ಅಂದ್ರೆ ಎಚ್‌ಡಿಆರ್ ಅಲ್ಲದ ಮಾಮೂಲಿ ಚಿತ್ರ) ಸ್ವಲ್ಪ ಜಾಸ್ತಿ ಮಾಡಿ. ಬೇಡ ಅನ್ನಿಸಿದಾಗ ವಿಂಡೋಸ್ ಕೀ, ಆಲ್ಟ್, ಬಿ ಒಟ್ಟಿಗೆ ಒತ್ತಿದರೆ ಸಾಕು, ಆಫ್ ಆಗುತ್ತದೆ.