ಕೊಟ್ಟಿಗೆಯ ಸೈಕಲ್ ಹೊರಗೆ ಬರಲಿ

ಚಿಕ್ಕಮಗಳೂರಿನ ಮಳೆಗಾಲ ಸೈಕಲ್ಲನ್ನು ಸುಮ್ನೆ ಬಿಡುವುದಿಲ್ಲ. ಕಾಫಿ ಚೀಲಗಳ ಹಿಂದೆ ನಿಂತಿದ್ದ ಅಪ್ಪನ ಸೈಕಲ್ ಈಚೆಗೆ ತೆಗೆದಾಗ ಚೈನ್ ಕೋಲಿನ ಹಾಗೆ ಸೆಟೆದುಕೊಂಡಿತ್ತು.

ಇಂಥ ಹಳೆ ಸೈಕಲ್ಲನ್ನು ಮನೆಯಲ್ಲೇ ರಿಪೇರಿ ಮಾಡುವುದು ಹೀಗೆ. ಮೊದಲು ಸಾಮಾನು. ಎರಡು ತುದಿಯಲ್ಲೂ ತೂತುಗಳಿರುವ ಡಂಬಲ್ ಸ್ಪ್ಯಾನರ್ ಅಗ್ಗ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆ ತಿಂದುಹಾಕುತ್ತದೆ. ನಟ್ಟನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರ್ ಒಂದು ಸೆಟ್ ಇಟ್ಟುಕೊಳ್ಳಿ. ಜೊತೆಗೆ ಪೆಡಲ್‌ಗೆ ತೆಳು ಸ್ಪ್ಯಾನರ್, ಸುತ್ತಿಗೆ, ಸ್ಕ್ರೂಡ್ರೈವರ್, ಚಕ್ರದ ಕಡ್ಡಿ ಬಿಗಿಸುವ ನಿಪ್ಪಲ್ ಕೀ, ಟೈರ್ ಲಿವರ್, ಗ್ರೀಸ್, ಉಪ್ಪುಕಾಗದ. ಇಷ್ಟು ಸಾಕು.

ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ಎಣ್ಣೆ ಬಿಡಿ. ಬೆಳಿಗ್ಗೆ ಪೆಡಲ್ ಬಿಚ್ಚಿ. ಎಡಗಡೆಯದಕ್ಕೆ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಬಿಗಿ ಮಾಡುತ್ತಲೇ ಕೂತಿದ್ದೆ!

ನಿಜವಾದ ಕಾಟ ಕಾಟರ್ ಪಿನ್ನಿನದು. ಪೆಡಲ್ ಹಿಡಿದಿರುವ ಕ್ರ್ಯಾಂಕನ್ನು ಅಚ್ಚಿಗೆ ಕಚ್ಚಿಸುವುದು ಇದೇ. ನಟ್ ಸಡಿಲಿಸಿ, ಪೂರ್ತಿ ತೆಗೆಯಬೇಡಿ, ಪಿನ್ನಿನ ತುದಿಗೆ ಸಮ ನಿಲ್ಲಿಸಿ. ಆಗ ಏಟಿಗೆ ಥ್ರೆಡ್ ಹಾಳಾಗುವುದಿಲ್ಲ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗೆ ಇಳಿಯುವಂಥ ಕಬ್ಬಿಣದ ಪೈಪ್ ತುಂಡು ನೆಲಕ್ಕೆ ಊರಿ. ಈಗ ಒಂದೇ ಗಟ್ಟಿ ಏಟು. ಟಕಟಕ ಅಂತ ಮೆತ್ತಗೆ ಬಡಿದರೆ ಪಿನ್ ಬಾಗುತ್ತದೆ, ಬರುವುದಿಲ್ಲ. ಹೊಸದು ತರುವಾಗ ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ಹೊಂದಿಸಿ.

ಚಕ್ರದ ನಡುವಿನ ಹಬ್ ಬಿಚ್ಚುವ ಮುಂಚೆ ಕೆಳಗೆ ಹಳೆ ಪಂಚೆ ಹಾಸಿ, ಒಳಗಿನ ಉಕ್ಕಿನ ಗುಂಡು, ಅಂದರೆ ಬಾಲ್ಸ್, ಉರುಳಿ ಹೋಗುತ್ತವೆ. ಎಣಿಸಿ ಬರೆದಿಡಿ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಹೊಸ ಗ್ರೀಸ್ ಮೆತ್ತಿ ಅದರಲ್ಲೇ ಬಾಲ್ಸ್ ಕೂರಿಸಿ. ಬಾಲ್ಸ್ ಒತ್ತಿ ಹಿಡಿಯುವ ಕೋನ್ ಬಿಗಿದ ಮೇಲೆ ಚಕ್ರ ಅಲ್ಲಾಡಲೂಬಾರದು, ಕಟಕಟ ಅನ್ನಲೂಬಾರದು.

ಚಕ್ರದ ಬೆಂಡ್ ತೆಗೆಯಲು ಸೈಕಲ್ ತಲೆಕೆಳಗೆ ಮಾಡಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿ. ಗೆರೆ ಬಿದ್ದಲ್ಲಿ ರಿಮ್ ಆ ಕಡೆಗೆ ವಾಲಿದೆ ಎಂದರ್ಥ. ಅದೇ ಜಾಗದಲ್ಲಿ, ಹಬ್ಬಿನ ಎದುರು ಬದಿಗೆ ಹೋಗುವ ಕಡ್ಡಿಯ ನಿಪ್ಪಲ್ (ರಿಮ್ಮಿನಲ್ಲಿ ಕಡ್ಡಿ ಹಿಡಿಯುವ ಪುಟ್ಟ ನಟ್) ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಿರುಗಿಸಿ ನೋಡಿ. ಹಿಂದಿನ ಚಕ್ರದಲ್ಲಿ 40 ಕಡ್ಡಿ, ಅವಸರ ಬೇಡ.

ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ. ಹಳೆ ಕಂಪನಿ ಸ್ಟಿಕ್ಕರ್ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದ್ದರೆ, ಫ್ರೇಮ್ ಬಿರುಕು ಬಿಟ್ಟಿದ್ದರೆ ಮಾತ್ರ ಸೈಕಲ್ ಶಾಪಿಗೆ ಕೊಡಿ.